ಕಾಗೆಗೆ ಕೊಡದ ಮಾತು

ಕಾಗೆ ಬಂದಿರಲಿಲ್ಲ.

ಬಿಸಿಲು ಏರುತ್ತಿತ್ತು. ಬಾಳೆ ಎಲೆಯ ಮೇಲಿನ ಅನ್ನ ಒಣಗಿ ಬಿರುಸಾಗಿತ್ತು. ಕಾಂದಾಭಜಿಯ, ಅಂದರೆ ಈರುಳ್ಳಿ ಬಜ್ಜಿಯ, ಎಣ್ಣೆ ಎಲೆಗೆ ಇಳಿದಿತ್ತು, ಸ್ಟೀಲ್ ಲೋಟದ ಚಹಾದ ಮೇಲೆ ಕೆನೆ ಕಟ್ಟಿತ್ತು. ಅನ್ನದ ಪಕ್ಕದಲ್ಲಿ ಯಾರೋ ಅಭಿಮಾನಿ ಗಿಟಾರ್ ತಂತಿಯ ಒಂದು ಸುರುಳಿ ಇಟ್ಟಿದ್ದ. ಭೋಜ ಎಂಬ ಊರಿನ ನದಿ ದಂಡೆಯ ಮೇಲೆ ಊರವರೂ ಬೀಗರೂ ಒಂದು ಕಡೆ, ಕರಿ ಟೀಶರ್ಟಿನ ಹುಡುಗರು ಇನ್ನೊಂದು ಕಡೆ, ಎಲ್ಲರೂ ಕತ್ತು ಎತ್ತಿ ಒಂದು ಜಾಲಿಮರವನ್ನೇ ನೋಡುತ್ತಿದ್ದೆವು. ಮರದಲ್ಲಿ ಏನೂ ಇರಲಿಲ್ಲ.

ನಮ್ಮ ಗಡಿಭಾಗದಲ್ಲಿ ತೀರಿಕೊಂಡವರಿಗೆ ಮೂರನೆಯ ದಿನ ರಕ್ಷಾವಿಸರ್ಜನೆ. ಚಿತೆಯ ಬೂದಿಯನ್ನು ಒಟ್ಟುಮಾಡಿ ನೀರಿಗೆ ಬಿಡುತ್ತಾರೆ. ಆಮೇಲೆ ಹೋದವರಿಗೆ ಏನು ಇಷ್ಟವೋ ಅದನ್ನು ಎಲೆಗೆ ಬಡಿಸಿ ಇಟ್ಟು ದೂರ ಸರಿದು ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಿದರೆ ಜೀವ ತೃಪ್ತಿಯಿಂದ ಹೋಯಿತು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಹತ್ತಿರದವರು ಒಬ್ಬೊಬ್ಬರಾಗಿ ಮುಂದೆ ಹೋಗಿ, ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಮಾತು ಕೊಡಬೇಕು. ಮಕ್ಕಳನ್ನು ಓದಿಸುತ್ತೇನೆ, ಅರ್ಧಕ್ಕೆ ನಿಂತ ಬಾವಿ ಪೂರ್ತಿ ತೋಡಿಸುತ್ತೇನೆ, ತಮ್ಮನ ಜೊತೆಗಿನ ಜಗಳ ಬಿಡುತ್ತೇನೆ. ಯಾವ ಮಾತಿಗೆ ಕಾಗೆ ಇಳಿಯಿತೋ ಅದೇ ಸತ್ತವರ ಮನಸ್ಸಿನಲ್ಲಿದ್ದದ್ದು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳುವವರು ನಮ್ಮ ಕಡೆಯೂ ಇದ್ದಾರೆ. ಆದರೆ ಕಾಗೆಗೆ ಕೊಟ್ಟ ಮಾತನ್ನು ಮುರಿದವರನ್ನು ತೋರಿಸಿ ಎಂದರೆ ಯಾರೂ ತೋರಿಸಲಾರರು.

ನಾನು ಇದನ್ನೆಲ್ಲ ಕೇಳಿ ಗೊತ್ತಿದ್ದವಳು, ನೋಡಿದವಳಲ್ಲ. ನಮ್ಮದು ಚಿಕ್ಕೋಡಿಯ ಒಂದು ಬೌದ್ಧರ ಮನೆ. ಅಜ್ಜನ ಕಾಲದಲ್ಲೇ ಕಾಗೆ, ಪಿಂಡ, ತಿಥಿ ಎಲ್ಲವನ್ನೂ ಬಿಟ್ಟವರು. ನಮ್ಮಲ್ಲಿ ಯಾರಾದರೂ ಹೋದರೆ ವಂದನೆ ಹೇಳಿ, ಮೇಣದಬತ್ತಿ ಹಚ್ಚಿ, ಸುಮ್ಮನೆ ಕೂರುತ್ತೇವೆ. ಸುಮ್ಮನೆ ಕೂರುವುದೊಂದು ಬಿಟ್ಟು ಉಳಿದ ಎಲ್ಲವೂ ನನಗೆ ಚೆನ್ನಾಗಿ ಬರುತ್ತದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆಂದೇ ನನ್ನನ್ನು ಊರೂರು ತಿರುಗಿಸುತ್ತಿದ್ದರು. ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ, ಅದೇ ವಿಷಯ, ಅದೇ ನಾನು. ಅಲ್ಲಿ ಕಲಿತ ಮೊದಲ ಪಾಠ: ತಪ್ಪಾಗಲು ಜಾಗವೇ ಇಲ್ಲದ ವಾದವನ್ನು ನಂಬಬೇಡ. ಕಾಗೆಯ ವಾದ ಹಾಗಿನದು. ಬಂದರೂ ಅದು ಸರಿ, ಬರದಿದ್ದರೂ ಸರಿ, ತಡವಾಗಿ ಬಂದರಂತೂ ಇನ್ನೂ ಸರಿ.

ಅಂದರೂ ನಾನೂ ಮರ ನೋಡುತ್ತಿದ್ದೆ. ನಿಂತಲ್ಲಿ ನಿಲ್ಲಲಾಗದೆ ಚಪ್ಪಲಿಯ ತುದಿಯಿಂದ ಮರಳು ಕೆದರುತ್ತಿದ್ದೆ.

ಸತ್ತವನನ್ನು ನಾವೆಲ್ಲ ದಾದಾ ಎನ್ನುತ್ತಿದ್ದೆವು. ಭೋಜದ ಕಬ್ಬಿನ ಮನೆತನದವನು. ಹೊಲದಲ್ಲಿ ಇರಬೇಕಾದ ಹೊತ್ತಿನಲ್ಲಿ ನಿಪ್ಪಾಣಿಯ ಒಂದು ಹಳೆಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಗಿಟಾರ್ ಹಿಡಿದು ಕೂತಿರುತ್ತಿದ್ದ. ವಖಾರಿಯಲ್ಲಿ ತಂಬಾಕು ಇರಲಿಲ್ಲ, ಘಾಟು ಇತ್ತು. ಹೊಸಬರು ಬಂದರೆ ಮೊದಲ ಹಾಡು ಮುಗಿಯುವುದರೊಳಗೆ ಸೀನಲೇಬೇಕು. ಸೀನದವನನ್ನು ದಾದಾ ನಂಬುತ್ತಿರಲಿಲ್ಲ. ಅವನು, ಬೇಸ್ ಗಿಟಾರ್ ಹಿಡಿಯುವ ಅಂಕಲಿ ಊರಿನ ಗೆಳೆಯ, ಡ್ರಮ್ ಬಾರಿಸುವ ರಾಯಬಾಗದ ಗೆಳೆಯ, ಮೂವರೇ ಸೇರಿ ರಾಕ್ ಬಾರಿಸುತ್ತಿದ್ದರು. ಕಾಲೇಜಿನ ವಾರ್ಷಿಕ ಗ್ಯಾದರಿಂಗ್, ಗಣಪತಿಯ ಮಂಟಪ, ಕೊಲ್ಹಾಪುರದ ಯಾವುದೋ ಹೋಟೆಲ್ಲು, ಎಲ್ಲಿ ಕರೆದರೂ ಹೋಗುತ್ತಿದ್ದರು. ಕಾಗವಾಡಕ್ಕೆ ಹೋದರೆ ಒಂದು ನುಡಿ ಕನ್ನಡ, ಒಂದು ನುಡಿ ಮರಾಠಿ. ಹಾಡುಗಳೂ ಅವರವೇ: ಕೆಂಪು ಬಸ್ಸಿನ ಮೇಲೆ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಪ್ರೇಮಿಯ ಮೇಲೆ, ವಖಾರಿಯ ಮೇಲೆ.

ನಮ್ಮ ಕಾಲೇಜಿನ ಗ್ಯಾದರಿಂಗಿಗೆ ಬಂದಾಗ ನಾನು ವೇದಿಕೆಯ ಹಿಂದೆ ಹೋಗಿ ದಾದಾನಿಗೆ ನೇರವಾಗಿ ಹೇಳಿದ್ದೆ.

"ನಿಮ್ಮ ಗಿಟಾರ್ ಚೊಲೋ ಐತ್ರಿ. ಸಾಹಿತ್ಯ ಮಾತ್ರ ಹೊಲಸ ಐತಿ."

ಅವನು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರಲೇ ಈಕಿ, ವಕೀಲಬಾಯಿ?" ಎಂದು ಬೇಸಿನವನನ್ನು ಕೇಳಿದ. ಆಮೇಲೆ ನನಗೆ, "ಹಂಗಾದ್ರ ನೀನ ಬರದ ಕೊಡು. ಬೈಯೂದ ಯಾರಿಗರ ಬರತೈತಿ."

ಬರೆದು ಕೊಟ್ಟೆ. ಬಾರಿಸಿದರು. ಅಲ್ಲಿಂದ ನಾನು ವಕೀಲಬಾಯಿ. ರಾಕ್ ಎಂದರೇನು, ಇದು ರಾಕ್ ಹೌದೋ ಅಲ್ಲವೋ, ಹಾಡಿನ ಕೊನೆ ಪ್ರಶ್ನೆಯಾಗಿರಬೇಕೋ ಉತ್ತರವಾಗಿರಬೇಕೋ ಎಂದು ವಖಾರಿಯಲ್ಲಿ ನಾವು ಕಚ್ಚಾಡುತ್ತಿದ್ದೆವು. ಅವನಿಗೆ ವಾದ ಮಾಡಲು ಬರುತ್ತಿರಲಿಲ್ಲ. ಸೋಲುವ ಹೊತ್ತಿಗೆ ಗಿಟಾರಿನ ಆಂಪಿನ ದನಿ ಏರಿಸಿ ಬಾರಿಸಲು ಶುರು ಮಾಡುತ್ತಿದ್ದ. ಅದು ನಿಯಮದ ಪ್ರಕಾರ ತಪ್ಪು. ನಾನು ಅವನ ಕಿವಿಯ ಹತ್ತಿರ ಬಾಯಿ ಹಿಡಿದು ಹಾಗೆಂದು ಕೂಗುತ್ತಿದ್ದೆ. ಅವನು ನಗುತ್ತಿದ್ದ.

ಡ್ರಮ್ಮಿನವನು ಕಳೆದ ಕಬ್ಬಿನ ಹಂಗಾಮಿನಲ್ಲಿ ಬ್ಯಾಂಡು ಬಿಟ್ಟ. ಮದುವೆಯಾಗಿತ್ತು, ಹೆಣ್ಣುಮಗು ಹುಟ್ಟಿತ್ತು, ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಜಗಳವಾಡಲಿಲ್ಲ. ಬಂದು ಕೂತು, "ಸಾಕಾತು ದಾದಾ, ನನಗ ಇನ್ನ ಆಗಂಗಿಲ್ಲ" ಎಂದ. ಬಿಡುವಿದ್ದಾಗ ಊರಿನ ಬೆಂಜೋ ಪಾರ್ಟಿಯ ಜೊತೆ ಮದುವೆ ಮೆರವಣಿಗೆಯಲ್ಲಿ ಬಾರಿಸುತ್ತೇನೆ, ಅಷ್ಟು ಸಾಕು ಎಂದ. ದಾದಾ ತಲೆಯಾಡಿಸಿದ. ಆದರೆ ಮುಂದಿನ ಕಾರ್ಯಕ್ರಮಕ್ಕೆ, ಅಥಣಿಯಲ್ಲಿ, ಡ್ರಮ್ಮಿನ ಜಾಗದಲ್ಲಿ ರೆಕಾರ್ಡ್ ಮಾಡಿದ ತಾಳ ಹಾಕಿ, ಡ್ರಮ್ಮಿನವನ ಸ್ಟೂಲನ್ನು ಮಾತ್ರ ವೇದಿಕೆಯ ಮೇಲೆ ತಂದಿಟ್ಟ. ಜನ ಕೇಳಿದರು. ಅವನು ಮೈಕಿನಲ್ಲಿ ಹೇಳಿದ: "ಚಾ ಕುಡ್ಯಾಕ ಹೋಗ್ಯಾನ. ಬರ್ತಾನ."

ಜನ ನಕ್ಕರು. ಆಮೇಲೆ ಅದು ಅಭಿಮಾನಿಗಳ ಮಂತ್ರವಾಯಿತು. ಎಲ್ಲೇ ಕಾರ್ಯಕ್ರಮವಿರಲಿ, ಖಾಲಿ ಸ್ಟೂಲ್ ಬಂದ ಕೂಡಲೇ ಹುಡುಗರು "ಚಾ ಆತೇನ್ರಿ?" ಎಂದು ಕೂಗುವುದು, ದಾದಾ "ಇನ್ನೂ ಬಿಸಿ ಐತಿ" ಎನ್ನುವುದು. ಪ್ರೀತಿಯ ಮಾತೇ. ಆದರೆ ಪ್ರೀತಿಯೂ ಒಬ್ಬನನ್ನು ಕಟ್ಟಿಹಾಕಬಲ್ಲದು ಎಂದು ನಾನು ವಖಾರಿಯಲ್ಲಿ ಒಮ್ಮೆ ಹೇಳಿದ್ದೆ. ದಾದಾ ಆಂಪಿನ ದನಿ ಏರಿಸಿದ್ದ. ರಾಯಬಾಗದ ಸಂತೆಯಲ್ಲಿ ಡ್ರಮ್ಮಿನವನು ಹೆಂಡತಿಯ ಜೊತೆ ಬದನೆಕಾಯಿ ಆರಿಸುತ್ತಿದ್ದರೆ ಹಿಂದಿನಿಂದ ಯಾರೋ "ಚಾ ಆತೇನ್ರಿ?" ಎನ್ನುತ್ತಿದ್ದರಂತೆ.

ದಾದಾನ ಹೃದಯ ನಿಂತಿತು. ಮೂವತ್ತು ದಾಟಿ ಬಹಳ ವರ್ಷವಾಗಿರಲಿಲ್ಲ. ನನಗೆ ಸುದ್ದಿ ತಿಳಿದಾಗ ನಿಪ್ಪಾಣಿಯ ಬಸ್ಸಿನಲ್ಲಿದ್ದೆ. ಇಳಿದವಳೇ ವಖಾರಿಗೆ ಹೋದೆ, ಬೀಗ ಹಾಕಿತ್ತು. ಬಾಗಿಲ ಮುಂದೆ ಆಗಲೇ ಹುಡುಗರು. ಒಬ್ಬ ಅಳುತ್ತಿದ್ದ, ಇನ್ನೊಬ್ಬ ಅವನು ಅಳುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಅಳುವವನು ನಡುವೆ ನಿಲ್ಲಿಸಿ, "ಆ ಕಡಿಂದ ಹಿಡಿ, ಬೆಳಕ ಚೊಲೋ ಬರತೈತಿ" ಎಂದ. ಮತ್ತೆ ಅತ್ತ. ಎರಡೂ ಸಲದ ಅಳು ನಿಜವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಸಿಟ್ಟು ಬಂದಿತ್ತು. ಸರ್ಕಲ್ಲಿನಲ್ಲಿ ಸಂಜೆಯೊಳಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತ್ತು. ಮೇಲೆ ಗಿಟಾರ್ ಹಿಡಿದ ದಾದಾ, ಕೆಳಗೆ ಸಾಲುಸಾಲಾಗಿ ಗಾಗಲ್ ಹಾಕಿದ ಅಭಿಮಾನಿಗಳ ಮುಖ. ಸತ್ತವನು ಯಾರೆಂದು ಹುಡುಕಬೇಕು. ಆ ದಿನಗಳಲ್ಲಿ ನಾನು ಎಲ್ಲರ ದುಃಖಕ್ಕೂ ತೀರ್ಪುಗಾರರ ಹಾಗೆ ಅಂಕ ಹಾಕುತ್ತಾ ತಿರುಗಿದೆ. ಇವನದು ಅತಿಯಾಯಿತು, ಅವನದು ಉರು ಹೊಡೆದದ್ದು. ನನ್ನದೇ ದುಃಖಕ್ಕೆ ಕೂರಲು ಹೊತ್ತಿರಲಿಲ್ಲ. ಇಲ್ಲಿಂದ ಅಲ್ಲಿಗೆ ಬಸ್ಸು ಹತ್ತುವುದು, ಇಳಿಯುವುದು, ಚಹಾ ಹೇಳಿ ಕುಡಿಯದೆ ಏಳುವುದು.

ಮೂರನೆಯ ದಿನ ಬೆಳಿಗ್ಗೆ ಭೋಜಕ್ಕೆ ಬಂದರೆ ದಾರಿ ತುಂಬ ಬೈಕು. ಬೇಡಕಿಹಾಳ, ಅಥಣಿ, ಕಾಗವಾಡ, ಎಲ್ಲ ಕಡೆಯಿಂದಲೂ ಬಂದಿದ್ದರು. ಹುಡುಗರು ಟೆಂಪೋದಲ್ಲಿ ದೊಡ್ಡ ಸ್ಪೀಕರ್ ಬಾಕ್ಸುಗಳನ್ನು ಹೇರಿಕೊಂಡು ಬಂದು ನದಿ ದಂಡೆಯ ಹತ್ತಿರವೇ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿಗೆ ಹಚ್ಚಿದರು, ದಾದಾನ ಗಿಟಾರ್ ಸೋಲೋಗಳು ಒಂದರ ಹಿಂದೆ ಒಂದು. ಅಥಣಿಯ ಮದುವೆ ವಿಡಿಯೋದ ಹುಡುಗ ಡ್ರೋನ್ ತಂದಿದ್ದ, ಅದು ನೆತ್ತಿಯ ಮೇಲೆ ಜೇನಿನ ಹಾಗೆ ಗುಂಯ್ ಎನ್ನುತ್ತಿತ್ತು. ಅವರಿಗೆ ಗೊತ್ತಿದ್ದ ಮರ್ಯಾದೆ ಇದೊಂದೇ. ರಾಕ್ ಬಾರಿಸಿದವನನ್ನು ಸಣ್ಣ ದನಿಯಲ್ಲಿ ಕಳಿಸುವುದುಂಟೆ?

ಎಲೆ ಇಟ್ಟರು. ಸರಿದು ನಿಂತೆವು. ಕಾಗೆ ಬರಲಿಲ್ಲ.

ದಾದಾನ ಕಾಕಾ ಹಿರಿಯರು, ಎಲ್ಲವನ್ನೂ ನಡೆಸುತ್ತಿದ್ದವರು. ಸ್ವಲ್ಪ ಹೊತ್ತು ನೋಡಿ, "ಯಾರ ಮ್ಯಾಲ ಅಂವನ ಜೀಂವ ಇತ್ತೋ ಅವರ ಮುಂದ ಬರ್ರಿ" ಎಂದರು.

ಮೊದಲು ಅವರೇ ಹೋದರು. ಅತ್ತಿಗೆಯನ್ನು, ಅಂದರೆ ದಾದಾನ ತಾಯಿಯನ್ನು, ಕೊನೆಯ ತನಕ ನೋಡಿಕೊಳ್ಳುತ್ತೇನೆ ಎಂದರು. ಕಾಗೆ ಇಲ್ಲ. ಬೇಸಿನವನು ಹೋದ. "ದಾದಾ, ಅರ್ಧಾ ಉಳದ ಹಾಡ ಎಲ್ಲಾ ಪೂರಾ ಮಾಡ್ತೀನಿ. ಬಾ." ಕಾಗೆ ಇಲ್ಲ. ಆಮೇಲೆ ಅಭಿಮಾನಿಗಳ ಸರದಿ.

"ದಾದಾ, ನಿಪ್ಪಾಣಿ ಸರ್ಕಲ್‌ದಾಗ ನಿನ್ನ ಪುತಳಾ ನಿಂದರಸ್ತೀವಿ! ಗಿಟಾರ್ ಸಮೇತ!" ಎಂದ ಒಬ್ಬ.

"ಕುಂತದ್ದೋ, ನಿಂತದ್ದೋ?" ಎಂದಿತು ಹಿಂದಿನಿಂದ ಒಂದು ದನಿ.

"ನಾ ಗುಟ್ಕಾ ಬಿಡ್ತೀನಿ ದಾದಾ," ಎಂದ ಇನ್ನೊಬ್ಬ.

"ಅದರ ಬದ್ಲಿ ತಂಬಾಕದ ಮಾವಾ ತಿನ್ನಾಂವೇನ ಹಂಗಾದ್ರ?"

ನಗು ಎದ್ದು, ಎಲ್ಲರಿಗೂ ನಾಚಿಕೆಯಾಗಿ, ಅಡಗಿತು. ಆಗ ಹಿಂದಿನ ಸಾಲಿನಿಂದ ಯಾರೋ, ತಮಾಷೆಗೆ ಅಲ್ಲ, ಬಹಳ ನಿಧಾನವಾಗಿ ಕೇಳಿದರು.

"ಚಾ ಆತೇನ್ರಿ?"

ಎಲ್ಲರೂ ತಿರುಗಿದರು. ಡ್ರಮ್ಮಿನವನು ಬೈಕುಗಳ ಹತ್ತಿರ ಒಬ್ಬನೇ ನಿಂತಿದ್ದ. ಹೆಣ ಎತ್ತುವಾಗ ಮೊದಲು ಹೆಗಲು ಕೊಟ್ಟವನು ಅವನೇ. ಆಗ ಯಾರೂ ಏನೂ ಅಂದಿರಲಿಲ್ಲ. ಈಗ ದಾರಿ ಬಿಟ್ಟರು. ಎರಡೂ ಕಡೆ ಕರಿ ಟೀಶರ್ಟು, ನಡುವೆ ಅವನು ನಡೆದು ಬರಬೇಕಾದ ಓಣಿ.

ಏನು ನಡೆಯುತ್ತಿದೆ ಎಂದು ನನಗೆ ಸ್ಪಷ್ಟವಿತ್ತು. ಇವನು ಒಂದು ಮಾತು ಆಡಿದರೆ ಮುಗಿಯಿತು. ನಾಳೆಯಿಂದ ಪಾಳಿ ಬಿಟ್ಟು, ಮಗುವನ್ನು ಬಿಟ್ಟು, ದಾದಾನೇ ಇಲ್ಲದ ಬ್ಯಾಂಡಿನಲ್ಲಿ ಆ ಸ್ಟೂಲಿನ ಮೇಲೆ ಜೀವಮಾನ ಕೂರಬೇಕು. ಬಿಟ್ಟರೆ ಐದು ತಾಲ್ಲೂಕಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಅವನು ಅಂಥ ಮಾತನ್ನು ಕೊಟ್ಟು ಮುರಿಯುವವನೂ ಅಲ್ಲ.

ಬೇಸಿನವನು ಅವನ ತೋಳು ಹಿಡಿದ. "ಒಂದ ಮಾತ ಲೇ. ಬರ್ತೀನಿ ಅನ್ನು. ಮುಗೀತು."

"ಬರಂಗಿಲ್ಲಂದ್ರ ಬರ್ತೀನಿ ಅಂತ ಹೆಂಗ ಅನ್ನಲಿ?"

"ಸುಳ್ಳರ ಅನ್ನೋ. ಅಂವಾ ಹೋಗಲಿ ಮದಲ."

"ಈ ಎಲಿ ಮುಂದ ಸುಳ್ಳ? ನಿನ್ನ ಬಾಯಿಲೆ ನೀ ಹೇಳಾಕತ್ತಿ ಇದನ್ನ?"

ಬೇಸಿನವನು ಕೈಬಿಟ್ಟ. ಕಾಕಾ ಹತ್ತಿರ ಬಂದರು. "ತಮ್ಮಾ, ಅಂವನ ಜೀಂವ ಗಾಳ್ಯಾಗ ಅಡ್ಡಾಡಾಕತ್ತೈತಿ. ಹಟಾ ಬಿಡು."

ಡ್ರಮ್ಮಿನವನ ಮುಖದಲ್ಲಿ ಹಟ ಇರಲಿಲ್ಲ. ಎರಡು ದಿನ ನಿದ್ದೆಯಿಲ್ಲದ ಮನುಷ್ಯನ ಮುಖ. ಅವನ ಬಾಯಿ ತೆರೆಯಿತು. ಇನ್ನೊಂದು ಕ್ಷಣಕ್ಕೆ ಮಾತು ಕೊಟ್ಟುಬಿಡುತ್ತಿದ್ದ.

"ಕಾಕಾ, ಒಂದ ನಿಮಿಷ ರೀ," ಎಂದೆ ನಾನು.

ವೇದಿಕೆ ಹತ್ತಿದ ಅಭ್ಯಾಸ, ದನಿ ತಾನಾಗಿಯೇ ದೊಡ್ಡದಾಯಿತು. "ಬೆಳಿಗ್ಗೆ ಬಂದಾಗ ಈ ಗಿಡದ ತುಂಬ ಕಾಗಿ ಇದ್ವು, ನಾ ನೋಡೀನಿ. ಬಾಕ್ಸ್ ಹಚ್ಚಿದ ಮ್ಯಾಲ ಒಂದ ಗುಬ್ಬಿನೂ ಕುಂತಿಲ್ಲ. ಮ್ಯಾಲ ಆ ಡ್ರೋನ್ ನೋಡ್ರಿ. ನೀವ ಕಾಗಿ ಆಗಿದ್ರ ಬರ್ತಿದ್ರೇನ್ರಿ? ಆಸೆ ಗೀಸೆ ಏನಿಲ್ಲ. ಗದ್ದಲ ಐತಿ."

"ಅದು ಗದ್ದಲ ಅಲ್ಲ, ದಾದಾನ ಸೋಲೋ!" ಎಂದು ಪುತಳಾದ ಹುಡುಗ ಚೀರಿದ.

"ಕಾಗಿಗೆ ಅದು ಗೊತ್ತಿಲ್ಲ."

"ದಾದಾನ ಮೂರನೇ ದಿನಾ ದಾದಾನ ಹಾಡ ಬಂದ್ ಮಾಡಂತಿಯೇನ? ನೀ ಎಂಥಾ ಫ್ಯಾನ್ ಬೇ?"

"ಒಂದ ಸಲ ಬಂದ್ ಮಾಡಿ ನೋಡ್ರಿ. ಬರ್ಲಿಲ್ಲಂದ್ರ ಮತ್ತ ಹಚ್ರಿ. ಏನ ಹೋಗತೈತಿ?"

ನಿಜ ಹೇಳಬೇಕೆಂದರೆ ನಾನು ಗೆಲ್ಲುತ್ತಿದ್ದೆ. ಎರಡು ಮೂರು ತಲೆಗಳು ಆಡತೊಡಗಿದ್ದವು. ಆಗ ಊರವರ ಗುಂಪಿನಿಂದ ಒಬ್ಬ ಹೆಂಗಸು, ಸಿಟ್ಟಿಲ್ಲದೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು. "ನಿಮ್ಮ ಮನ್ಯಾಗ ಕಾಗಿಗೆ ಇಡಂಗಿಲ್ಲವ್ವಾ. ಇದರಾಗ ನಿನಗೇನ ತಿಳಿತೈತಿ?"

ಇದಕ್ಕೆ ಚರ್ಚಾಸ್ಪರ್ಧೆಯಲ್ಲಿ ಉತ್ತರವಿದೆ. ವಾದವನ್ನು ಬಿಟ್ಟು ವಾದಿಯ ಮೇಲೆ ಹೋದರೆ ಅಂಕ ಕಡಿತ, ಗಂಟೆ ಬಾರಿಸುತ್ತಾರೆ. ನದಿ ದಂಡೆಯಲ್ಲಿ ಗಂಟೆ ಇರಲಿಲ್ಲ. ಆಡುತ್ತಿದ್ದ ತಲೆಗಳು ನಿಂತವು. ನನ್ನ ಕಿವಿ ಬಿಸಿಯಾಯಿತು.

ಆ ಹೊತ್ತಿಗೆ ದಾದಾನ ತಾಯಿ ಎದ್ದು ನಿಂತರು. ಬೆಳಿಗ್ಗೆಯಿಂದ ಒಂದು ಗೋಣಿಚೀಲದ ಮೇಲೆ ಕೂತಿದ್ದವರು, ಒಂದೂ ಮಾತಾಡಿರಲಿಲ್ಲ. ನೇರವಾಗಿ ಟೆಂಪೋದ ಹತ್ತಿರ ಹೋದರು. ಬಾಕ್ಸಿನಲ್ಲಿ ಅವರ ಮಗನ ಗಿಟಾರ್ ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತಿತ್ತು.

"ಅಂವಾ ಮನ್ಯಾಗ ಬಾರಸೂವಾಗೂ ಬಂದ್ ಮಾಡೋ ಅಂತಿದ್ನಿ," ಎಂದರು ಬಾಕ್ಸಿನ ಹತ್ತಿರ ನಿಂತಿದ್ದ ಹುಡುಗನಿಗೆ. "ದಿನಾ ಅಂತಿದ್ನಿ. ಒಂದ ದಿನಾನೂ ಕೇಳಲಿಲ್ಲ. ಇವತ್ತ ನೀನರ ಕೇಳಪಾ. ಬಂದ್ ಮಾಡು."

ಹುಡುಗ ಬಂದ್ ಮಾಡಿದ. ಅಥಣಿಯವನು ಯಾರೂ ಹೇಳದೆಯೇ ಡ್ರೋನನ್ನು ಇಳಿಸಿ ಎದೆಗೆ ಅವಚಿಕೊಂಡ.

ಸದ್ದು ನಿಂತಾಗ ಮೊದಲು ಏನೂ ಕೇಳಲಿಲ್ಲ. ಕಿವಿಯಲ್ಲಿ ಗಿಟಾರಿನ ಉಳಿಕೆ ಮಾತ್ರ. ಆಮೇಲೆ ದೂರದ ಪಂಪಿನ ಮೋಟರು, ನೀರು, ಯಾರದೋ ಮೂಗು ಸೀಟುವ ಸದ್ದು. ಮೂರು ದಿನಗಳಲ್ಲಿ ಮೊದಲ ಸಲ ದಾದಾ ಎಲ್ಲೂ ಇರಲಿಲ್ಲ. ಹುಡುಗರ ಮುಖ ನೋಡಿದೆ. ಅವರಿಗೂ ಅದೇ ಕ್ಷಣಕ್ಕೆ ಗೊತ್ತಾಗಿತ್ತು. ಬಾಕ್ಸನ್ನು ಬಂದ್ ಮಾಡಲು ಅವರು ಯಾಕೆ ಅಷ್ಟು ಹೆದರಿದ್ದರೆಂದು ನನಗೆ ಆಗ ತಿಳಿಯಿತು.

ಆಗಲೂ ಕಾಗೆ ಬರಲಿಲ್ಲ. ಜನ ಮತ್ತೆ ಡ್ರಮ್ಮಿನವನ ಕಡೆ ನೋಡಿದರು.

ಅವನು ಆ ಓಣಿಯಲ್ಲಿ ನಡೆದು ಎಲೆಯ ಮುಂದೆ ಹೋದ. ಕೈಮುಗಿಯಲಿಲ್ಲ, ಎರಡೂ ಕೈಯನ್ನು ಪಕ್ಕಕ್ಕೆ ಬಿಟ್ಟು ನಿಂತ. ವಖಾರಿಯಲ್ಲಿ ತಾಳ ತಪ್ಪಿದಾಗ ದಾದಾನ ಮುಂದೆ ಹಾಗೆ ನಿಲ್ಲುತ್ತಿದ್ದ.

"ದಾದಾ," ಎಂದ. "ನಾ ಚಾ ಕುಡ್ಯಾಕ ಹೋಗಿಲ್ಲೋ. ಬಿಟ್ಟ ಹೋಗೀನಿ. ನಿನಗ ಹೇಳೇ ಹೋಗೀನಿ. ನಾ ಬರಂಗಿಲ್ಲ. ನನ್ನ ಸಂಬಂಧ ಕಾಯಬ್ಯಾಡ. ಸ್ಟೂಲ ತಗಿ."

ಯಾರೋ ಹಲ್ಲು ಕಡಿದದ್ದು ಕೇಳಿತು. ಬೇಸಿನವನು "ಲೇ..." ಎಂದು ಒಂದು ಹೆಜ್ಜೆ ಮುಂದಿಟ್ಟ.

ಜಾಲಿಮರದ ಟೊಂಗೆ ಅಲುಗಾಡಿತು. ಒಂದು ಕಾಗೆ, ಅದರ ಹಿಂದೆ ಇನ್ನೊಂದು. ಮೊದಲನೆಯದು ಕತ್ತು ಓರೆಮಾಡಿ ನಮ್ಮನ್ನೆಲ್ಲ ಒಮ್ಮೆ ನೋಡಿತು. ಕೆಳಗಿಳಿದು, ಕುಪ್ಪಳಿಸಿ, ತಂತಿಯ ಸುರುಳಿಯನ್ನು ಬಳಸಿ ಹೋಗಿ, ಕಾಂದಾಭಜಿ ಎತ್ತಿಕೊಂಡು ಹಾರಿತು.

ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಬರುತ್ತೇನೆ ಎಂದಿದ್ದರೆ ಜಯಕಾರ ಹಾಕಲು ಸಿದ್ಧರಾಗಿದ್ದವರು. ಒಲ್ಲೆ ಎಂದದ್ದಕ್ಕೆ ಕಾಗೆ ಇಳಿದಿತ್ತು. "ಮುಟ್ಟಿತು," ಎಂದರು ಕಾಕಾ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಮುಟ್ಟಿತಲ್ಲ." ಬೇಸಿನವನು ಮರಳಿನ ಮೇಲೆ ಕುಸಿದು ಕೂತು ಅಳತೊಡಗಿದ. ತಾಯಿ ಬಂದು ಡ್ರಮ್ಮಿನವನ ತಲೆಯ ಮೇಲೆ ಕೈ ಇಟ್ಟರು.

"ಅಂವಾ ನಿನ್ನ ಬಿಟ್ಟಾನ, ಹೋಗಪಾ," ಎಂದರು. "ಮನೀಗೆ ನಡಿ. ಕೂಸ ಕಾಯ್ತಿರತೈತಿ."

ನನ್ನ ಸ್ಥಿತಿ ಹೇಗಿತ್ತೆಂದರೆ, ವಾದ ಗೆದ್ದು ಬಹುಮಾನದ ಢಾಲು ಎತ್ತಿಕೊಳ್ಳಲು ಹೋದವಳಿಗೆ ವೇದಿಕೆಯೇ ಇಲ್ಲ. ಗದ್ದಲ ನಿಂತಿತು, ಕಾಗೆ ಬಂತು. ಇಷ್ಟು ಸರಳ. ಆ ಹೆಂಗಸಿನ ಮುಂದೆ ಹೋಗಿ ನಿಂತು, ನೋಡಿದಿರಾ ಎನ್ನಬೇಕು, ನಮ್ಮ ಮನೆಯಲ್ಲಿ ಕಾಗೆಗೆ ಇಡದಿದ್ದರೂ ಕಾಗೆ ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು ಎನ್ನಬೇಕು. ಹೊರಟಿದ್ದೆ ಕೂಡ. ಬೈಕುಗಳ ಹತ್ತಿರ ಡ್ರಮ್ಮಿನವನು ಅಡ್ಡ ನಿಂತ.

"ಗದ್ದಲಕ್ಕ ಬಂದಿರಲಿಲ್ಲ ಅಂತ ಹೇಳಾಕ ಹೊಂಟಿಯಲ್ಲ ವಕೀಲಬಾಯಿ?"

"ಹೌದು. ಖರೇ ಅದ ಐತಿ."

"ಖರೇನ ಐತಿ. ನಂಗೂ ಗೊತ್ತೈತಿ. ಹೇಳಬ್ಯಾಡ."

"ಯಾಕ?"

ಅವನು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ. "ನೀ ಹೇಳಿದ್ರ ಕಾಗಿ ನನ್ನ ಮಾತಿಗೆ ಬಂದಿಲ್ಲಂತ ಆತು. ಹಂಗಾದ್ರ ದಾದಾನ ಆಸೆ ಇನ್ನೂ ಉಳದೈತಿ ಅಂತ ಆತು. ನಾಳೆ ಮತ್ತ ಬರ್ತಾರ ಇವರ ನಮ್ಮನೀಗೆ. ಈಗ ಕಾಗಿ ನನ್ನ ಕಡೆ ಐತಿ. ಇರಲಿ ಬಿಡು."

ನಾನು ಬಾಯಿ ತೆರೆದೆ. ಸುಳ್ಳಿನ ಮೇಲೆ ಕಟ್ಟಿದ ಬಿಡುಗಡೆ ಬಿಡುಗಡೆಯೇ ಅಲ್ಲ ಎನ್ನುವ ವಾದವಿತ್ತು. ಮೂಢನಂಬಿಕೆ ಇವತ್ತು ನಿನ್ನ ಕಡೆ, ನಾಳೆ ಇನ್ನೊಬ್ಬರ ಕತ್ತಿಗೆ ಎನ್ನುವ ವಾದವೂ ಇತ್ತು. ಎರಡೂ ಒಳ್ಳೆಯ ವಾದಗಳು. ಅವನ ಕಣ್ಣು ಕೆಂಪಾಗಿದ್ದವು, ಗಲ್ಲಕ್ಕೆ ಬೂದಿ ಮೆತ್ತಿತ್ತು.

ಬಾಯಿ ಮುಚ್ಚಿದೆ. ಇಡೀ ದಾರಿ ಬಸ್ಸಿನ ಕಿಟಕಿಯ ಕಂಬಿಯನ್ನು ಉಗುರಿನಿಂದ ಕುಟ್ಟುತ್ತಾ ಚಿಕ್ಕೋಡಿ ಮುಟ್ಟಿದೆ.

ಒಂದು ತಿಂಗಳ ಮೇಲೆ ಬೆಳಗಾವಿಯಲ್ಲಿ ಚರ್ಚಾಸ್ಪರ್ಧೆ. ವಿಷಯ, ನಂಬಿದರೆ ನಂಬಿ, ಮೂಢನಂಬಿಕೆಗಳ ಕುರಿತದ್ದು. ನನ್ನ ಹತ್ತಿರ ಇಡೀ ಸಭಾಂಗಣದಲ್ಲಿ ಯಾರ ಬಳಿಯೂ ಇಲ್ಲದ ಉದಾಹರಣೆ ಇತ್ತು: ಬಾಕ್ಸು, ಡ್ರೋನು, ಭಜಿ. ಕೇಳುವವರು ಬಿದ್ದು ಬಿದ್ದು ನಗುತ್ತಿದ್ದರು, ನಕ್ಕು ಒಪ್ಪುತ್ತಿದ್ದರು. ಆದರೆ ಕೇಳುವವರ ನಡುವೆ ಕರಿ ಟೀಶರ್ಟಿನವರು ಇಬ್ಬರು ಕೂತಿದ್ದರು. ಬೆಕ್ಕು ಅಡ್ಡ ಹೋಗುವುದು, ನಿಂಬೆಕಾಯಿ, ಗ್ರಹಣ ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಇಳಿದೆ. ಬಹುಮಾನ ಬರಲಿಲ್ಲ. "ನಿನ್ನ ದನಿಯಾಗ ಇವತ್ತ ಜೀಂವಾನ ಇದ್ದಿದ್ದಿಲ್ಲ" ಎಂದರು ಕರೆದುಕೊಂಡು ಹೋಗಿದ್ದ ಮೇಷ್ಟ್ರು.

ಈಚೆಗೆ ರಾಯಬಾಗದಲ್ಲಿ ಗೆಳತಿಯ ಅಕ್ಕನ ಮದುವೆ. ವರನ ಮೆರವಣಿಗೆ ಬೀದಿಯಲ್ಲಿ ನಿಂತು ಹೋಗಿತ್ತು, ವರನ ಕಡೆಯ ಒಬ್ಬ ಕಾಕಾ ಕುಣಿಯುವುದನ್ನು ಬಿಡುತ್ತಿರಲಿಲ್ಲ. ಬೆಂಜೋ ಪಾರ್ಟಿಯ ಟೆಂಪೋದ ಮೇಲೆ ಡ್ರಮ್ಮಿನವನು ಕೂತಿದ್ದ. ನನ್ನನ್ನು ಕಂಡು ಕೋಲಿನಿಂದಲೇ ಸಲಾಮು ಹೊಡೆದ. ನಡುವೆ ಬಿ‌ಡುವಾದಾಗ ಇಳಿದು ಬಂದ. ಗಾಡಿಯ ಚಹಾ ಕುಡಿದೆವು. ಮಗಳು ನಡೆಯಲು ಕಲಿತಿದ್ದಾಳಂತೆ. ಬೇಸಿನವನು ಹೊಸ ಹುಡುಗನನ್ನು ಡ್ರಮ್ಮಿಗೆ ಕೂರಿಸಿದ್ದಾನಂತೆ. ಸ್ಟೂಲನ್ನು ಏನು ಮಾಡಿದರು ಎಂದು ಕೇಳಿದೆ. "ಅದರ ಮ್ಯಾಲ ಕುಂತಾನ ಅಂವಾ. ಮತ್ತ ಯದರ ಮ್ಯಾಲ ಕುಂಡ್ರಬೇಕ?" ಎಂದ.

"ನಾ ಆ ದಿನದ್ದ ಬರೀಬೇಕಂತೀನಿ," ಎಂದೆ. "ಗದ್ದಲದ್ದೂ ಬರೀತೀನಿ. ಬಿಟ್ಟ ಬರಿಯಾಕ ನನಗ ಆಗಂಗಿಲ್ಲ."

ಅವನು ಯೋಚಿಸಿದ. "ಬರಿ. ಈಗ ಯಾರೂ ಕಾಯಾಕತ್ತಿಲ್ಲ. ಹೆಸರ ಮಾತ್ರ ಹಾಕಬ್ಯಾಡ, ಯಾರದೂ." ಆಮೇಲೆ ಕಪ್ಪಿನ ತಳ ನೋಡುತ್ತಾ, "ಆದ್ರ ಒಂದ ಹೇಳು. ಬಾಕ್ಸ್ ಬಂದ್ ಆದ ಮ್ಯಾಲೂ ಅದು ಲಗೂ ಬರಲಿಲ್ಲ. ನಾ ಹೇಳಿದ ಮ್ಯಾಲ ಬಂತು. ಅದಕ್ಕೇನಂತಿ?"

"ಹೆದರಿದ ಹಕ್ಕಿ ತಿರಗಿ ಬರಾಕ ಹೊತ್ತ ಬೇಕಾಗತೈತಿ."

"ಗೊತ್ತಿತ್ತ ನಂಗ," ಎಂದು ನಕ್ಕ. "ನಿನ್ನ ಹಂತ್ಯಾಕ ಇರತೈತಿ ಅಂತ."

ಇತ್ತು. ಉತ್ತರ ಸರಿಯಾಗಿಯೂ ಇದೆ. ಆದರೆ ಅದನ್ನು ಕೇಳಿ ಆಂಪಿನ ದನಿ ಏರಿಸುವವನು ಇಲ್ಲ. ಎದುರಿನವನು ಇಲ್ಲದ ವಾದವನ್ನು ಗೆದ್ದದ್ದು ಎಂದು ಯಾವ ನಿಯಮದಲ್ಲೂ ಹಿಡಿಯುವುದಿಲ್ಲ. ಹಾಡಿನ ಕೊನೆ ಪ್ರಶ್ನೆಯೋ ಉತ್ತರವೋ ಎನ್ನುವುದೂ ಹಾಗೆಯೇ ನಿಂತಿದೆ. ಕೆಲವು ಸಲ ನಡೆಯುತ್ತಾ ಇದ್ದಕ್ಕಿದ್ದ ಹಾಗೆ ದಾದಾನಿಗೆ ಒಂದು ಒಳ್ಳೆಯ ಮರುಮಾತು ಹೊಳೆಯುತ್ತದೆ. ನನಗಲ್ಲ, ಅವನಿಗೆ. ಅವನ ಪರವಾಗಿ ನಾನೇ ಹೇಳಿಕೊಂಡು, ನಾನೇ ಸೋಲುತ್ತೇನೆ.

ಮೆರವಣಿಗೆ ಮತ್ತೆ ಹೊರಟಿತು. ಡ್ರಮ್ಮಿನವನು ಟೆಂಪೋ ಹತ್ತಿದ. ಬೀದಿಯ ಆ ಕಡೆ ಬೈಕಿನ ಮೇಲೆ ಕೂತಿದ್ದ ಕರಿ ಟೀಶರ್ಟಿನ ಹುಡುಗನೊಬ್ಬ ಅವನನ್ನು ಗುರುತಿಸಿ ಎದ್ದು ನಿಂತ, ಎರಡೂ ಕೈಯನ್ನು ಬಾಯಿಗೆ ಒಡ್ಡಿ ಕೂಗಿದ.

"ಚಾ ಆತೇನ್ರಿ?"

ನಾನು ಟೆಂಪೋದ ಕಡೆ ತಿರುಗಿದೆ.

"ಆತೋ!" ಎಂದು ಕೂಗಿದ ಡ್ರಮ್ಮಿನವನು, ಕೋಲು ಮೇಲೆತ್ತಿ. "ಕಪ್ ತೊಳದ ಇಟ್ಟೀನಿ!"

ಹುಡುಗ ನಕ್ಕ. ಟೆಂಪೋದವರೂ ನಕ್ಕರು, ಏನೆಂದು ತಿಳಿಯದೆ ವರನೂ ನಕ್ಕ. ಕೋಲು ಇಳಿಯಿತು. ವಖಾರಿಯಲ್ಲಿ ನೂರು ಸಲ ಕೇಳಿದ್ದ ಅದೇ ಪೆಟ್ಟು, ಕೊನೆಗೊಂದು ಸಣ್ಣ ತಡೆ, ಆ ತಡೆಯಲ್ಲಿ ಯಾವಾಗಲೂ ದಾದಾನ ಗಿಟಾರ್ ಬರುತ್ತಿತ್ತು.

ಬೆಂಜೋ ಬಂತು.